ಬೋರ್‌ವೆಲ್ ದುಡ್ಡಲ್ಲಿ ಸಿಂಗಪುರ

ನಮ್ಮ ಮಿಡಿಗೇಶಿ ಕಡೆ ದೊಡ್ಡ ಖರ್ಚನ್ನೆಲ್ಲ ಅಳೆಯೋದು ಬೋರ್‌ವೆಲ್ ಲೆಕ್ಕದಲ್ಲಿ. ಮಗಳ ಮದುವೆ ಅಂದ್ರೆ ಮೂರು ಬೋರ್, ಆರ್‌ಸಿಸಿ ಮನೆ ಅಂದ್ರೆ ಏಳೆಂಟು ಬೋರ್. ಸಾವಿರ ಅಡಿ ದಾಟಿ ಕೊರೆಸಿ, ಕೇಸಿಂಗ್ ಇಳಿಸಿ, ಮೋಟಾರ್ ಕೂರಿಸೋ ಹೊತ್ತಿಗೆ ಹತ್ತಿರ ಹತ್ತಿರ ಮೂರು ಲಕ್ಷ. ಅದರಲ್ಲಿ ನೀರು ಬರುತ್ತೋ ಬರೀ ಧೂಳು ಬರುತ್ತೋ ಗ್ಯಾರಂಟಿ ಇಲ್ಲ. ನಮ್ಮ ಹೊಲದಲ್ಲಿ ಎರಡು ಸಲ ಧೂಳೇ ಬಂದಿದೆ.

ಹಾಗಾಗಿ ‘ಅಪ್ಪ, ಎಲ್ಲರೂ ಸಿಂಗಪುರಕ್ಕೆ ಹೋಗಿ ಬರೋಣ’ ಅಂದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. ‘ಎಷ್ಟಾಗುತ್ತೆ?’ ಐದು ಜನಕ್ಕೆ ಎರಡು ಮುಕ್ಕಾಲು ಲಕ್ಷ ಅಂದೆ. ‘ಒಂದು ಬೋರ್ ದುಡ್ಡು ಕಣವ್ವ ಅದು. ನೋಡ್ಕಂಡು ಬಂದ್ರೆ ಏನ್ ಬರುತ್ತೆ?’ ಅಂದ್ರು.

ಮಿಡಿಗೇಶಿ ಎಲ್ಲಿದೆ ಅಂತ ಕೇಳೋರಿಗೆ: ಮಧುಗಿರಿಯಿಂದ ಪಾವಗಡದ ಕಡೆ ಹೊರಟರೆ ಸಿಗೋ ಊರು. ಊರಿಗಿಂತ ಊರ ಹಿಂದಿನ ಕೋಟೆ ಬೆಟ್ಟ ಮೊದಲು ಕಾಣುತ್ತೆ. ಹಿಮ್ಮಡಿ ಮುಟ್ಟೋವಷ್ಟು ಕೂದಲಿದ್ದ ರಾಣಿಯಿಂದ ಊರಿಗೆ ಈ ಹೆಸರು ಬಂತು ಅನ್ನೋ ಕಥೆ ನಮ್ಮಲ್ಲಿದೆ. ಕಡ್ಲೆಕಾಯಿ, ರಾಗಿ, ತೊಗರಿ, ಹುಣಸೆ ನಮ್ಮ ಬೆಳೆ. ಮಳೆ ವರ್ಷಕ್ಕೆ ಆರುನೂರು ಮಿಲಿಮೀಟರ್ ಬಂದರೆ ಆ ವರ್ಷ ಜನರ ಮುಖದಲ್ಲಿ ಕಳೆ. ಅಪ್ಪನಿಗೆ ಈಗ ಅರವತ್ತಾರು. ಅಮ್ಮನ ಮಂಡಿಗೆ ಇನ್ನೆರಡು ವರ್ಷದಲ್ಲಿ ಆಪರೇಷನ್ ಮಾಡಿಸಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಹೋಗೋದಿದ್ದರೆ ಈಗಲೇ, ಇಲ್ಲದಿದ್ದರೆ ಇಲ್ಲ ಅನ್ನೋ ಲೆಕ್ಕ ನನ್ನದು.

ಈ ಬರಹ ಓದ್ತಿರೋ ನಿಮ್ಮಲ್ಲೂ ತುಂಬ ಜನರ ಪರಿಸ್ಥಿತಿ ಇದೇ ಇರಬಹುದು. ಬೆಂಗಳೂರಲ್ಲಿ ಕೆಲಸ, ಊರಲ್ಲಿ ಅಪ್ಪ ಅಮ್ಮ, ವಿದೇಶಕ್ಕೆ ಅವರನ್ನೂ ಕರ್ಕೊಂಡು ಹೋಗಬೇಕು ಅನ್ನೋ ಆಸೆ, ಜೊತೆಗೆ ಇಎಂಐ. ಹಾಗಾಗಿ ನಮ್ಮ ಲೆಕ್ಕವನ್ನ ಬಿಚ್ಚಿಡ್ತೀನಿ.

ದುಡ್ಡು ಎಲ್ಲಿಂದ ಅನ್ನೋದು ಮೊದಲು

ಅಪ್ಪ ಒಪ್ಪಿದ್ದು ಊರಿನ ವರ್ಣನೆ ಕೇಳಿ ಅಲ್ಲ. ದುಡ್ಡು ಹೊಲದಿಂದಲೂ ಅಲ್ಲ, ಸಾಲದಿಂದಲೂ ಅಲ್ಲ ಅಂತ ಖಾತ್ರಿಯಾದ ಮೇಲೆ. ನಾನು, ನಮ್ಮನೆಯವರು ಸೇರಿ ಬ್ಯಾಂಕಲ್ಲಿ ತಿಂಗಳಿಗೆ 11,000 ರೂಪಾಯಿಯ ಆರ್‌ಡಿ ಮಾಡಿದ್ವಿ. 24 ತಿಂಗಳು. ಕಟ್ಟಿದ್ದು 2,64,000, ಬಡ್ಡಿ ಸೇರಿ 2,80,000ದ ಆಸುಪಾಸು ಕೈಗೆ ಬಂತು. ಆರ್‌ಡಿಯಲ್ಲಿ ಬಂದಷ್ಟೇ ಬಜೆಟ್ಟು, ಅದರ ಮೇಲೆ ಕ್ರೆಡಿಟ್ ಕಾರ್ಡ್ ಉಜ್ಜೋದಿಲ್ಲ. ಇದೊಂದು ನಿಯಮ ಮಾಡ್ಕೊಂಡಿದ್ದರಿಂದ ಉಳಿದ ತೀರ್ಮಾನಗಳೆಲ್ಲ ಸುಲಭವಾದವು.

ಎರಡು ವರ್ಷ ಕಾಯೋದರಲ್ಲಿ ಇನ್ನೊಂದು ಲಾಭ ಇದೆ. ಪಾಸ್‌ಪೋರ್ಟ್ ಕೆಲಸ ನಿಧಾನವಾಗಿ ಮುಗಿಸಬಹುದು. ನಮ್ಮದು, ಮಗಳದು ಮೊದಲೇ ಇತ್ತು. ಅಪ್ಪ ಅಮ್ಮನದು ಹೊಸದು. 36 ಪುಟದ ಪಾಸ್‌ಪೋರ್ಟ್‌ಗೆ 1,500 ರೂಪಾಯಿ, ಅರವತ್ತು ದಾಟಿದವರಿಗೆ ಶೇ. 10 ರಿಯಾಯಿತಿ. ದುಡ್ಡು ವಿಷಯವೇ ಅಲ್ಲ, ಹೆಸರು ವಿಷಯ. ಹಳ್ಳಿ ಕಡೆಯ ಹಿರಿಯರಿಗೆ ಒಂದು ಹೆಸರು, ಮುಂದೊಂದು ಇನಿಶಿಯಲ್ ಅಷ್ಟೇ ಇರುತ್ತೆ. ಪಾಸ್‌ಪೋರ್ಟ್‌ಗೆ ಇನಿಶಿಯಲ್ ಆಗಲ್ಲ, ಬಿಡಿಸಿ ಬರೀಬೇಕು. ಸರ್‌ನೇಮ್ ಜಾಗ ಖಾಲಿ ಬಿಟ್ಟರೆ ಕೆಲವು ದೇಶಗಳಲ್ಲಿ ತೊಂದರೆ. ದುಬೈ ಇರೋ ಯುಎಇ 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟ್‌ಗೆ ಪ್ರವಾಸಿ ವೀಸಾ ವಿಷಯದಲ್ಲಿ ನಿರ್ಬಂಧ ಹಾಕಿದೆ. ಅದಕ್ಕೇ ಮೊದಲು ಆಧಾರ್‌ನಲ್ಲಿ ಹೆಸರು ಬಿಡಿಸಿ ಬರೆಸಿ, ಆಮೇಲೆ ಪಾಸ್‌ಪೋರ್ಟ್‌ಗೆ ಹಾಕಿಸಿದ್ವಿ. ಅಪ್ಪನ ಇನಿಶಿಯಲ್ಲು ಊರಿನ ಹೆಸರು. ಹಾಗಾಗಿ ಅವರ ಪಾಸ್‌ಪೋರ್ಟ್‌ನ ಸರ್‌ನೇಮ್ ಜಾಗದಲ್ಲಿ ಈಗ ‘ಮಿಡಿಗೇಶಿ’ ಅಂತ ಇದೆ. ಅದನ್ನ ನಾಲ್ಕು ಜನಕ್ಕಾದರೂ ತೋರಿಸಿದ್ದಾರೆ.

ಸಿಂಗಪುರನೇ ಯಾಕೆ?

ಅಗ್ಗದ ಲೆಕ್ಕಕ್ಕೆ ಬಿದ್ದರೆ ಸಿಂಗಪುರ ಸರಿಯಾದ ಉತ್ತರ ಅಲ್ಲ, ಇದನ್ನ ಮೊದಲೇ ಹೇಳಿಬಿಡ್ತೀನಿ. ಬ್ಯಾಂಕಾಕ್, ಕೌಲಾಲಂಪುರ ಎರಡೂ ಅದಕ್ಕಿಂತ ಅಗ್ಗ, ವೀಸಾ ರಗಳೆಯೂ ಕಡಿಮೆ. ಲಂಡನ್ ಮಾತು ಎತ್ತಲೇ ಇಲ್ಲ. ಹತ್ತು ಗಂಟೆಗೂ ಹೆಚ್ಚು ಕೂತು ಹೋಗೋದು ಅಮ್ಮನ ಮಂಡಿಗೆ ಆಗಲ್ಲ. ನಾವು ನಾಲ್ಕು ವಿಷಯ ನೋಡಿದ್ವಿ. ನಾಲ್ಕೂವರೆ ಗಂಟೆಯ ನೇರ ವಿಮಾನ. ಎಲ್ಲಾ ಮೆಟ್ರೋ ಸ್ಟೇಷನ್‌ನಲ್ಲೂ ಲಿಫ್ಟು. ಹೋದಲ್ಲೆಲ್ಲ ಚೊಕ್ಕಟವಾದ ಶೌಚಾಲಯ. ಅಮ್ಮ ಅನುಮಾನ ಇಲ್ಲದೆ ತಿನ್ನಬಹುದಾದ ಸಸ್ಯಾಹಾರ. ವಯಸ್ಸಾದವರು ಜೊತೆಗಿದ್ದಾಗ ಬಜೆಟ್ಟನ್ನ ಹಾಳು ಮಾಡೋದು ಹೋಟೆಲ್ಲೂ ಅಲ್ಲ, ಟಿಕೆಟ್ಟೂ ಅಲ್ಲ. ‘ಇನ್ನು ನಡೆಯೋಕಾಗಲ್ಲ’ ಅಂದ ತಕ್ಷಣ ಕರೆಯೋ ಟ್ಯಾಕ್ಸಿ, ‘ಇದು ಬಾಯಿಗೆ ಹೋಗಲ್ಲ’ ಅಂದ ಮೇಲೆ ಎರಡನೇ ಸಲ ಕೊಳ್ಳೋ ಊಟ. ಅವೆರಡನ್ನ ತಪ್ಪಿಸಿದರೆ ಕಾಗದದ ಮೇಲೆ ದುಬಾರಿ ಕಾಣೋ ಊರೂ ಕೈಗೆಟುಕುತ್ತೆ.

ಯಾವಾಗ ಹೋಗೋದು ಅನ್ನೋದಕ್ಕೆ ನಮ್ಮ ಊರಿನ ಪಂಚಾಂಗ ಒಂದು, ಅವರ ಊರಿನದು ಇನ್ನೊಂದು. ಕಡ್ಲೆಕಾಯಿ ಕಿತ್ತು, ರಾಗಿ ಒಕ್ಕಣೆ ಮುಗಿದಿರಬೇಕು. ಮಧುಗಿರಿ ದಂಡಿನ ಮಾರಮ್ಮನ ಜಾತ್ರೆಗೆ ಮುಂಚೆ ವಾಪಸ್ ಬಂದಿರಬೇಕು, ಇದು ಅಮ್ಮನ ಷರತ್ತು. ಅಲ್ಲಿ ನೋಡಿದರೆ ಜನವರಿ ಕೊನೆಯಿಂದ ಫೆಬ್ರವರಿ ನಡುವೆ ಯಾವಾಗಲೋ ಚೀನಿಯರ ಹೊಸ ವರ್ಷ ಬರುತ್ತೆ, ಆಗ ತುಂಬ ಅಂಗಡಿ ಬಾಗಿಲು ಹಾಕಿರುತ್ತವೆ. ಎರಡೂ ತಪ್ಪಿಸಿ, ನಡುವೆ ಸಿಕ್ಕಿದ ಒಂದು ವಾರದಲ್ಲಿ ನಾಲ್ಕು ರಾತ್ರಿ. ಮಗಳು ಒಂದನೇ ಕ್ಲಾಸು, ನಾಲ್ಕು ದಿನ ಸ್ಕೂಲ್ ತಪ್ಪಿದರೆ ಪ್ರಳಯ ಆಗಲ್ಲ ಬಿಡಿ. ತಮ್ಮ ಬರಲಿಲ್ಲ. ಹಸು ನೋಡ್ಕೊಳ್ಳೋಕೆ ಒಬ್ಬರು ಬೇಕಲ್ಲ!

ಎಲ್ಲಿ ಬಿಗಿ, ಎಲ್ಲಿ ಸಡಿಲ

ವಿಮಾನದ ಟಿಕೆಟ್ ಹುಡುಕುವಾಗ ಮಧ್ಯರಾತ್ರಿ ಹೊರಟು ಬೆಳಗಿನ ಜಾವ ಇಳಿಸೋದು ಯಾವಾಗಲೂ ಅಗ್ಗ ಕಾಣುತ್ತೆ. ಒಂದು ರಾತ್ರಿಯ ರೂಮ್ ಬಾಡಿಗೆ ಉಳೀತು ಅಂತ ಖುಷಿಪಡೋರೂ ಇದ್ದಾರೆ. ಆದರೆ ಹೋಟೆಲ್ ರೂಮ್ ಸಿಗೋದು ಮಧ್ಯಾಹ್ನ ಎರಡು ಮೂರು ಗಂಟೆಗೆ. ನಿದ್ದೆಗೆಟ್ಟ ಹಿರಿಯರನ್ನ ಬೆಳಗ್ಗೆ ಆರರಿಂದ ಅಲ್ಲಿವರೆಗೆ ಎಲ್ಲಿ ಕೂರಿಸ್ತೀರಿ? ತಲೆಗೆ ಸಾವಿರದೆಂಟುನೂರು ಜಾಸ್ತಿ ಕೊಟ್ಟು ಹಗಲಿನ ವಿಮಾನ ತಗೊಂಡ್ವಿ. ಹೋಗಿ ಬರೋದು ಸೇರಿ ತಲೆಗೆ 23,000.

ಬೆಂಗಳೂರಿಗೆ ಬಂದು ಟ್ರಾಫಿಕ್ಕಲ್ಲಿ ಸಿಕ್ಕಿಹಾಕ್ಕೊಳ್ಳೋದೂ ಬೇಡ ಅಂತ ನಾವೇ ಹಿಂದಿನ ದಿನ ಊರಿಗೆ ಹೋದ್ವಿ. ಅಲ್ಲಿಂದ ಮಧುಗಿರಿ, ಗೌರಿಬಿದನೂರು, ದೊಡ್ಡಬಳ್ಳಾಪುರದ ಮೇಲೆ ಸೀದಾ ದೇವನಹಳ್ಳಿ. ಬೆಂಗಳೂರು ಊರೊಳಗೆ ಕಾಲೇ ಇಡಬೇಕಿಲ್ಲ. ಮಧುಗಿರಿ, ಕೊರಟಗೆರೆ ಕಡೆಯವರಿಗೆ ಇದೊಂದು ಅದೃಷ್ಟ, ನಾವು ಬಳಸಿಕೊಳ್ಳೋದು ಕಡಿಮೆ.

ರೂಮಿನ ವಿಷಯಕ್ಕೆ ಬಂದರೆ, ಐದು ಜನಕ್ಕೆ ಅಡುಗೆಮನೆ ಇರೋ ಒಂದು ಮನೆಯನ್ನೇ ನಾಲ್ಕು ದಿನಕ್ಕೆ ಬಾಡಿಗೆಗೆ ಹಿಡಿಯೋಣ ಅಂತ ಅನ್ನಿಸೋದು ಸಹಜ. ಸಿಂಗಪುರದಲ್ಲಿ ಅದು ಕಾನೂನಿಗೆ ವಿರುದ್ಧ. ಖಾಸಗಿ ಮನೆಯನ್ನ ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆ ಕೊಡುವಂತಿಲ್ಲ. ಇಂಟರ್‌ನೆಟ್ಟಲ್ಲಿ ಅಗ್ಗದ ಮನೆ ಕಂಡರೂ ಬೇಡ. ಲಿಟಲ್ ಇಂಡಿಯಾ, ಫೆರರ್ ಪಾರ್ಕ್ ಸುತ್ತಮುತ್ತ ಸಣ್ಣ ಹೋಟೆಲ್‌ಗಳಿವೆ. ಅಕ್ಕಪಕ್ಕದ ಎರಡು ರೂಮ್, ಒಂದಕ್ಕೆ ರಾತ್ರಿಗೆ 130 ಸಿಂಗಪುರ ಡಾಲರ್. ಆಗ ಡಾಲರಿಗೆ 65 ರೂಪಾಯಿ ಲೆಕ್ಕ ಹಾಕ್ಕೊಂಡಿದ್ವಿ. ಒಂದು ಎಚ್ಚರಿಕೆ: ಆ ದರದ ರೂಮ್‌ಗಳಲ್ಲಿ ತುಂಬಕ್ಕೆ ಕಿಟಕಿಯೇ ಇರಲ್ಲ. ವರ್ಷದ ಆರು ತಿಂಗಳು ಅಂಗಳದಲ್ಲಿ ಮಂಚ ಹಾಕ್ಕೊಂಡು ಮಲಗೋ ಅಪ್ಪನಿಗೆ ಕಿಟಕಿಯಿಲ್ಲದ ರೂಮು ಅಂದ್ರೆ ರಾಗಿ ಕಣಜ. ಬುಕ್ ಮಾಡುವಾಗಲೇ ‘ಕಿಟಕಿ ಇರೋದು’ ಅಂತ ಆರಿಸಿದ್ವಿ.

ವೀಸಾಗೆ ಸರ್ಕಾರದ ಶುಲ್ಕ 30 ಸಿಂಗಪುರ ಡಾಲರ್, ಅರ್ಜಿ ಹಾಕಬೇಕಾದ್ದು ಅಧಿಕೃತ ಏಜೆಂಟರ ಮೂಲಕ, ಅವರ ಕಮಿಷನ್ ಬೇರೆ. ಹೊರಡೋ ಮುಂಚಿನ ಮೂರು ದಿನದೊಳಗೆ ಆನ್‌ಲೈನಲ್ಲಿ ಅರೈವಲ್ ಕಾರ್ಡ್ ತುಂಬಬೇಕು, ಅದು ಪೂರ್ತಿ ಉಚಿತ. ಅದಕ್ಕೂ ದುಡ್ಡು ಕೇಳೋ ವೆಬ್‌ಸೈಟ್‌ಗಳಿವೆ, ಬೀಳಬೇಡಿ. ಪ್ರಯಾಣ ವಿಮೆ ಮಾತ್ರ ಬಿಗಿ ಹಿಡಿಯೋ ಜಾಗ ಅಲ್ಲ. ಅಪ್ಪನ ಬಿಪಿ ವಿಷಯ ಮುಚ್ಚಿಡದೆ ಬರೆಸಿಯೇ ವಿಮೆ ಮಾಡಿಸಿದ್ವಿ, ಮಾತ್ರೆಗಳ ಜೊತೆ ಡಾಕ್ಟರ್ ಚೀಟಿಯನ್ನೂ ಇಟ್ಕೊಂಡ್ವಿ.

ಇನ್ನು ಅಮ್ಮನ ಚೀಲ. ಚಟ್ನಿಪುಡಿ, ಹುರಿಹಿಟ್ಟು, ಅವಲಕ್ಕಿ, ಕಡ್ಲೆಬೀಜದ ಉಂಡೆ, ಕರ್ಜಿಕಾಯಿ. ಕರ್ಜಿಕಾಯಿ ಹೂರಣಕ್ಕೆ ನಮ್ಮಲ್ಲಿ ಗಸಗಸೆ ಹಾಕ್ತಾರೆ. ಸಿಂಗಪುರದಲ್ಲಿ ಗಸಗಸೆ ನಿಷಿದ್ಧ ವಸ್ತು, ಮಾದಕವಸ್ತು ಕಾನೂನಿನ ಕೆಳಗೆ ಬರುತ್ತೆ. ‘ಗಸಗಸೆ ಹಾಕದ ಕರ್ಜಿಕಾಯಿ ಕರ್ಜಿಕಾಯೇನೇ?’ ಅಂತ ಅಮ್ಮ ಗೊಣಗಿಕೊಂಡೇ ಮಾಡಿದಳು. ಅಪ್ಪನ ಎಲೆಅಡಿಕೆ ಚೀಲದ್ದು ಇನ್ನೂ ದೊಡ್ಡ ಕಥೆ. ಜಗಿಯೋ ಹೊಗೆಸೊಪ್ಪು ಅಲ್ಲಿಗೆ ಒಯ್ಯುವಂತೆಯೇ ಇಲ್ಲ, ಚೂಯಿಂಗ್ ಗಮ್ಮೂ ಇಲ್ಲ, ರಸ್ತೆಯಲ್ಲಿ ಉಗಿದರೆ ದಂಡ. ಮೂವತ್ತು ವರ್ಷದ ಚಟ. ಒಂದು ತಿಂಗಳು ಮುಂಚಿನಿಂದ ಹೊಗೆಸೊಪ್ಪು ಕಡಿಮೆ ಮಾಡ್ತಾ ಬಂದು, ಐದು ದಿನ ಲವಂಗ ಜಗಿದೇ ಕಳೆದರು. ಊರಿಗೆ ಬಂದ ಸಂಜೆ ಮತ್ತೆ ಶುರು, ಆ ಮಾತು ಬೇರೆ.

ಬೆರಳಚ್ಚಿನ ಭಯ

ಅಪ್ಪನಿಗೆ ವಿಮಾನದ ಭಯ ಇರಲಿಲ್ಲ. ಇದ್ದದ್ದು ಬೆರಳಚ್ಚಿನ ಭಯ. ಮಣ್ಣಲ್ಲಿ ಕೆಲಸ ಮಾಡಿ ಮಾಡಿ ಅವರ ಬೆರಳಿನ ಗೆರೆ ಸವೆದಿವೆ. ರೇಷನ್ ತರೋಕೆ ಹೋದಾಗ ಮೆಷಿನ್ನು ನಾಲ್ಕು ಸಲ ‘ಇಲ್ಲ’ ಅನ್ನುತ್ತೆ. ‘ಅಲ್ಲಿ ತಗಳ್ದೆ ಇದ್ರೆ ವಾಪಸ್ ಕಳಿಸ್ತಾರೇನವ್ವ?’ ಅಂತ ಎರಡು ಸಲ ಕೇಳಿದ್ದರು. ದಾರಿಯಲ್ಲಿ ಒಂದೇ ಸಮನೆ ಬೆರಳು ಉಜ್ಜಿಕೊಳ್ತಿದ್ದರು. ಚಾಂಗಿ ಏರ್‌ಪೋರ್ಟಲ್ಲಿ ಈಗ ಯಂತ್ರದ ಗೇಟ್‌ಗಳು, ಅವು ಮೊದಲು ಮುಖ, ಕಣ್ಣು ನೋಡ್ತವೆ. ಅಪ್ಪ ನಿಂತರು, ಕ್ಯಾಮೆರಾ ನೋಡಿದರು, ಬಾಗಿಲು ತೆರೀತು. ಆಚೆ ಬಂದು ‘ಅಷ್ಟೇನಾ?’ ಅಂದ್ರು. ನಿಮ್ಮ ಮನೆಯ ಹಿರಿಯರಿಗೂ ಇಂಥದೊಂದು ಹೇಳಿಕೊಳ್ಳಲಾಗದ ಅಂಜಿಕೆ ಇರುತ್ತೆ, ಮೊದಲೇ ಕೇಳಿ ತಿಳ್ಕೊಳ್ಳಿ.

ಏರ್‌ಪೋರ್ಟಿಗೆ ಅಂಟಿಕೊಂಡೇ ‘ಜ್ಯೂಯಲ್’ ಅನ್ನೋ ಗಾಜಿನ ಕಟ್ಟಡ ಇದೆ. 2019ರಲ್ಲಿ ತೆರೆದಿದ್ದು. ಅದರ ನಡುವೆ ಛಾವಣಿಯಿಂದ 40 ಮೀಟರ್ ಕೆಳಕ್ಕೆ ಬೀಳೋ ಜಲಪಾತ. ನೋಡೋಕೆ ದುಡ್ಡಿಲ್ಲ. ಬೀಳೋ ನೀರು ಛಾವಣಿ ಮೇಲೆ ಹಿಡಿದ ಮಳೆನೀರು ಅಂತ ಅಳಿಯಂದಿರು ಹೇಳಿದ ಕ್ಷಣದಿಂದ ಅಪ್ಪನ ತಲೆ ಆ ಕಡೆ ತಿರುಗಿತು. ಅದು ನಮಗೆ ಆಗ ಗೊತ್ತಾಗಲಿಲ್ಲ.

ಅಮ್ಮನ ಗುಣಾಕಾರ

ಅಮ್ಮನಿಗೆ ಒಂದು ಡಾಲರ್ ಅರವತ್ತೈದು ರೂಪಾಯಿ ಅಂತ ಯಾರು ಹೇಳಿದರೋ ಕಾಣೆ. ಅಲ್ಲಿಂದ ಎಲ್ಲಾ ಬೆಲೆಗೂ ಗುಣಾಕಾರ. ಕಾಫಿ ನೋಡಿ ‘ನೂರು ರೂಪಾಯಿ!’ ಇಡ್ಲಿ ನೋಡಿ ‘ಮುನ್ನೂರು ರೂಪಾಯಿ, ಮಧುಗಿರಿ ಬಸ್‌ಸ್ಟಾಂಡಲ್ಲಿ ಇಡೀ ಮನೆ ತಿನ್ನಬಹುದು!’ ಹೀಗೆ ಲೆಕ್ಕ ಹಾಕಿ ಏನೂ ಬೇಡ ಅಂತ ಹಸ್ಕೊಂಡೇ ಕೂರೋ ಅಪಾಯ ಇತ್ತು. ನಮ್ಮನೆಯವರು ಒಂದು ಉಪಾಯ ಮಾಡಿದರು. ಅಪ್ಪ, ಅಮ್ಮ ಇಬ್ಬರ ಕೈಗೂ ಒಂದೊಂದು ಕವರ್, ತಲಾ 50 ಡಾಲರ್ ನೋಟು. ‘ಇದು ಇಲ್ಲೇ ಖರ್ಚಾಗಬೇಕು ಅತ್ತೆ, ವಾಪಸ್ ತಗೊಂಡು ಹೋದರೆ ಬದಲಾಯಿಸೋಕೆ ಹೋಗಿ ನಷ್ಟ’ ಅಂದರು. ನಷ್ಟ ಅನ್ನೋ ಮಾತು ಕೆಲಸ ಮಾಡಿತು. ಅಮ್ಮ ತನ್ನ ದುಡ್ಡಲ್ಲಿ ಮೊಮ್ಮಗಳಿಗೆ ಐಸ್‌ಕ್ರೀಂ ಕೊಡಿಸಿ, ಚಿಲ್ಲರೆ ಎಣಿಸಿ ತಗೊಂಡಾಗ ಅವಳ ಮುಖ ನೋಡಬೇಕಿತ್ತು. ಇದಕ್ಕಿಂತ ಒಳ್ಳೆ 50 ಡಾಲರ್ ನಾವು ಅಲ್ಲಿ ಖರ್ಚು ಮಾಡಿಲ್ಲ.

ಊಟಕ್ಕೆ ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರ್ ನಮ್ಮ ಕೇಂದ್ರ. ಕೆಳಗೆ ಸಾಲು ಸಾಲು ಸಣ್ಣ ಅಂಗಡಿ, ನಡುವೆ ಮೇಜು. ಇಂಥ ಜಾಗಗಳಿಗೆ ಅಲ್ಲಿ ಹಾಕರ್ ಸೆಂಟರ್ ಅಂತಾರೆ. ಈ ಪದ್ಧತಿ 2020ರಲ್ಲಿ ಯುನೆಸ್ಕೋ ಪಟ್ಟಿ ಸೇರಿದೆ. ಐದು ಜನದ ಹೊಟ್ಟೆ ಇಪ್ಪತ್ತು ಇಪ್ಪತ್ತೈದು ಡಾಲರಲ್ಲಿ ತುಂಬುತ್ತೆ. ಎಸಿ ಹೋಟೆಲ್‌ಗಳಲ್ಲಿ ಮೆನು ಬೆಲೆಯ ಮುಂದೆ ಎರಡು ಪ್ಲಸ್ ಗುರುತಿದ್ದರೆ ಹುಷಾರು. ಹತ್ತು ಪರ್ಸೆಂಟ್ ಸೇವಾ ಶುಲ್ಕ, ಒಂಬತ್ತು ಪರ್ಸೆಂಟ್ ಜಿಎಸ್‌ಟಿ ಬಿಲ್ಲಲ್ಲಿ ಬಂದು ಕೂರುತ್ತೆ. ಸೆರಂಗೂನ್ ರಸ್ತೆಯ ಕೋಮಲ ವಿಲಾಸ್ 1947ರಿಂದ ಇದೆ. ಅಲ್ಲಿ ಬಾಳೆಎಲೆ ಮೇಲೆ ಅನ್ನ ಸಾರು ಬಿದ್ದಾಗ ಅಪ್ಪ ಮೂರು ದಿನದಲ್ಲಿ ಮೊದಲ ಸಲ ‘ಇನ್ನೊಂಚೂರು ಹಾಕಪ್ಪ’ ಅಂದರು, ಕನ್ನಡದಲ್ಲೇ. ಬಡಿಸೋ ಹುಡುಗ ತಮಿಳಲ್ಲಿ ಏನೋ ಹೇಳಿ ಹಾಕಿದ. ಭಾಷೆ ತೊಡಕಾಗಲೇ ಇಲ್ಲ. ತಮಿಳು ಆ ದೇಶದ ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದು. ಅಮ್ಮ ತವರಿನಿಂದ ತಂದ ತೆಲುಗನ್ನೂ ಸೇರಿಸಿಕೊಂಡು ತರಕಾರಿ ಅಂಗಡಿಯಲ್ಲಿ ನುಗ್ಗೆಕಾಯಿ ರೇಟು ವಿಚಾರಿಸಿದಳು. ಕೊಳ್ಳೋಕಲ್ಲ, ಸುಮ್ಮನೆ. ಅದೇ ರಸ್ತೆಯ ಶ್ರೀನಿವಾಸ ಪೆರುಮಾಳ್ ದೇವಸ್ಥಾನದಲ್ಲಿ ‘ನಮ್ಮೂರ ವೆಂಕಟರಮಣನೇ ಕಣೆ’ ಅಂತ ಅರ್ಧ ಗಂಟೆ ಕೂತಳು.

ಓಡಾಟ ಮೆಟ್ರೋ, ಬಸ್ಸು. ಬೇರೆ ಕಾರ್ಡ್ ಕೊಳ್ಳಬೇಕಾಗಿಯೇ ಇಲ್ಲ, ನಮ್ಮ ಬ್ಯಾಂಕಿನ ಕಾಂಟ್ಯಾಕ್ಟ್‌ಲೆಸ್ ಕಾರ್ಡನ್ನೇ ತಾಗಿಸಿ ಹೋಗಬಹುದು. ಆದರೆ ಒಬ್ಬರಿಗೆ ಒಂದು ಕಾರ್ಡ್ ಬೇಕು, ವಿದೇಶಿ ಕಾರ್ಡಿಗೆ ದಿನಕ್ಕೆ 60 ಸೆಂಟ್ ಹೆಚ್ಚುವರಿ. ಒಂದು ಸಲಕ್ಕೆ ದೂರ ನೋಡಿ ಒಂದರಿಂದ ಎರಡೂವರೆ ಡಾಲರ್. ಪ್ರವಾಸಿಗರ ಪಾಸ್ ಅಂತ ಮಾರ್ತಾರೆ. ಹಿರಿಯರ ಜೊತೆ ದಿನಕ್ಕೆ ಮೂರ್ನಾಲ್ಕು ಸಲಕ್ಕಿಂತ ಹೆಚ್ಚು ಹತ್ತಿ ಇಳಿಯೋದಿಲ್ಲ, ಪಾಸಿನ ದುಡ್ಡು ಹುಟ್ಟಲ್ಲ. ಮೆಟ್ರೋ ಒಳಗೆ ಚೂರು ತಿಂಡಿ, ಒಂದು ಗುಟುಕು ನೀರೂ ಕುಡಿಯುವಂತಿಲ್ಲ, ದಂಡ 500 ಡಾಲರ್‌ವರೆಗೆ. ಇದನ್ನ ಅಮ್ಮನಿಗೆ ಗುಣಾಕಾರ ಮಾಡೋಕೆ ಬಿಟ್ಟ ಮೇಲೆ ಚೀಲದ ಕರ್ಜಿಕಾಯಿ ಹೊರಗೆ ಬರಲೇ ಇಲ್ಲ.

ಬಿಸಿಲಿನ ಬಗ್ಗೆ ಒಂದು ಮಾತು. ನಮ್ಮ ಕಡೆಯ ಬಿಸಿಲು ಉರಿ, ಅಲ್ಲಿನದು ಸೆಕೆ. ನೆರಳಲ್ಲಿ ನಿಂತರೂ ಬೆವರು ಇಳೀತಾನೇ ಇರುತ್ತೆ. ಮಧ್ಯಾಹ್ನ ಒಂದರಿಂದ ನಾಲ್ಕು ರೂಮಲ್ಲೇ. ಅದಕ್ಕೇ ಹೋಟೆಲ್ಲು ಮೆಟ್ರೋ ಹತ್ತಿರ ಇರಬೇಕು ಅನ್ನೋದು.

ದುಡ್ಡಿಲ್ಲದೆ ನೋಡಿದ್ದು

ಯೂನಿವರ್ಸಲ್ ಸ್ಟುಡಿಯೋಸ್‌ಗೆ ಐದು ಜನ ಹೋದರೆ ಇಪ್ಪತ್ತು ಸಾವಿರ ರೂಪಾಯಿ ಸುಲಭವಾಗಿ ದಾಟುತ್ತೆ. ಹಿರಿಯರ ರಿಯಾಯಿತಿ ಅಂತ ಬೋರ್ಡ್ ಕಂಡರೂ ಅನೇಕ ಕಡೆ ಅದು ಅಲ್ಲಿನ ನಿವಾಸಿಗಳಿಗೆ ಮಾತ್ರ. ನಾವು ಐದೂ ಜನ ಎಲ್ಲದಕ್ಕೂ ಟಿಕೆಟ್ ತಗೊಳ್ಳೋ ಹಠ ಬಿಟ್ಟೆವು. ಮಗಳಿಗೆ ಮೃಗಾಲಯ ಬೇಕಿತ್ತು. ಅಪ್ಪ ಮಗಳು ಇಬ್ಬರೇ ಮಂಡಾಯಿಗೆ ಹೋಗಿಬಂದರು. ಅಷ್ಟೇ ನಮ್ಮ ಟಿಕೆಟ್ ಖರ್ಚು.

ಗಾರ್ಡನ್ಸ್ ಬೈ ದ ಬೇನಲ್ಲಿ ಗಾಜಿನ ಗುಮ್ಮಟಗಳಿಗೆ ಟಿಕೆಟ್ ಬೇಕು. ಹೊರಗಿನ ತೋಟ, ರಾತ್ರಿ 7.45ಕ್ಕೆ ಮತ್ತು 8.45ಕ್ಕೆ ಆ ಕಬ್ಬಿಣದ ಮರಗಳಲ್ಲಿ ನಡೆಯೋ ಬೆಳಕಿನ ಆಟ ಉಚಿತ. ಬೊಟಾನಿಕ್ ಗಾರ್ಡನ್ಸ್ ಉಚಿತ, 2015ರಿಂದ ವಿಶ್ವ ಪರಂಪರೆ ತಾಣ. ಮರ್ಲಯನ್ ಮುಂದೆ ಫೋಟೋ, ಅದೂ ಉಚಿತ. ಇವೆಲ್ಲ ಎಲ್ಲರೂ ಹೇಳೋದೇ, ಬೇಗ ಮುಗಿಸ್ತೀನಿ.

ನಾನು ಹೇಳಬೇಕು ಅಂದ್ಕೊಂಡಿದ್ದು ಮರೀನಾ ಬ್ಯಾರೇಜ್ ಬಗ್ಗೆ. ಅಲ್ಲಿಗೆ ಹೋಗಿದ್ದು ನಮ್ಮ ಪಟ್ಟಿಯಲ್ಲಿತ್ತು ಅಂತಲ್ಲ, ಅಪ್ಪ ಕೇಳಿದ್ದಕ್ಕೆ. ಎರಡನೇ ದಿನ ರೂಮಲ್ಲಿ ಅಳಿಯಂದಿರು ನಲ್ಲಿ ನೀರನ್ನ ಲೋಟಕ್ಕೆ ಹಿಡಿದು ಹಾಗೇ ಕುಡಿದರು. ಸಿಂಗಪುರದಲ್ಲಿ ನಲ್ಲಿ ನೀರು ಸೀದಾ ಕುಡೀಬಹುದು, ಬಾಟಲಿ ಕೊಳ್ಳೋ ಖರ್ಚೇ ಇಲ್ಲ. ಅಪ್ಪ ಲೋಟ ಈಸ್ಕೊಂಡು ನೋಡಿದರು. ನಮ್ಮ ಮಧುಗಿರಿ, ಪಾವಗಡದ ಬೋರ್ ನೀರಲ್ಲಿ ಫ್ಲೋರೈಡ್. ಕುಡಿಯೋಕೆ ಶುದ್ಧ ನೀರಿನ ಘಟಕಕ್ಕೆ ಕ್ಯಾನ್ ಹಿಡ್ಕೊಂಡು ಹೋಗಿ ಕಾಯಿನ್ ಹಾಕಿ ತರಬೇಕು. ಮನೆ ನಲ್ಲಿಗೆ ಬಾಯಿ ಹಚ್ಚಿ ಅಪ್ಪ ನೀರು ಕುಡಿದು ಎಷ್ಟು ವರ್ಷ ಆಯ್ತೋ. ‘ಈ ನೀರು ಎಲ್ಲಿಂದ ಬರುತ್ತೆ ಇವರಿಗೆ? ನದಿ ಕಾಣಲ್ಲ, ಕೆರೆ ಕಾಣಲ್ಲ’ ಅಂದ್ರು. ಆ ಪ್ರಶ್ನೆಯ ಹಿಂದೆ ಹೋಗಿ ಸಿಕ್ಕಿದ್ದು ಬ್ಯಾರೇಜ್.

ಗಾರ್ಡನ್ಸ್ ಬೈ ದ ಬೇ ಮೆಟ್ರೋ ಸ್ಟೇಷನ್‌ನಿಂದ ನಿಧಾನಕ್ಕೆ ನಡೆದರೂ ದೂರ ಅನ್ನಿಸಲ್ಲ. ಸಮುದ್ರಕ್ಕೆ ನದಿ ಸೇರೋ ಬಾಯಿಗೆ ಅಡ್ಡಲಾಗಿ 350 ಮೀಟರ್ ಉದ್ದದ ಗೋಡೆ, ಒಂಬತ್ತು ಉಕ್ಕಿನ ಗೇಟು. 2008ರಲ್ಲಿ ಶುರುವಾಯ್ತು. ಈ ಕಡೆ ಸಮುದ್ರದ ಉಪ್ಪು ನೀರು, ಆ ಕಡೆ ಸಿಹಿ ನೀರಿನ ಕೆರೆ. ಊರಿನ ಆರನೇ ಒಂದು ಭಾಗದಷ್ಟು ಜಾಗದಲ್ಲಿ ಬಿದ್ದ ಮಳೆ ಚರಂಡಿ, ಕಾಲುವೆಯಲ್ಲಿ ಹರಿದು ಬಂದು ಇಲ್ಲಿ ನಿಲ್ಲುತ್ತೆ. ನಾವು ಎರಡು ದಿನದಿಂದ ಫೋಟೋ ತೆಗೀತಿದ್ದ, ಆ ಎತ್ತರದ ಹೋಟೆಲ್ ಮುಂದಿನ ‘ಸಮುದ್ರ’ ಇದೆಯಲ್ಲ, ಅದು ಸಮುದ್ರ ಅಲ್ಲ, ಇದೇ ಕೆರೆ! ಒಳಗೊಂದು ಉಚಿತ ಗ್ಯಾಲರಿ. ನಮ್ಮನೆಯವರು ಬೋರ್ಡ್ ಓದಿ ಕನ್ನಡದಲ್ಲಿ ಹೇಳ್ತಾ ಹೋದರು, ಅಪ್ಪ ಕೈ ಹಿಂದೆ ಕಟ್ಟಿಕೊಂಡು ಕೇಳ್ತಾ ಹೋದರು.

ಸ್ವತಂತ್ರ ಆಗಿದ್ದು 1965ರಲ್ಲಿ. ಆಗ ಕುಡಿಯೋಕೂ ಪಕ್ಕದ ಮಲೇಷ್ಯಾದ ಜೊಹೊರ್ ನೀರನ್ನೇ ನಂಬಿದ್ದರು. 1962ರ ಒಪ್ಪಂದ 2061ರವರೆಗೆ ಇದೆ, ಆಮೇಲೆ ಅವರು ಕೊಡದೇ ಹೋದರೆ ಏನು ಅನ್ನೋ ಭಯದಲ್ಲೇ ಇಷ್ಟೆಲ್ಲ. ಈಗ 17 ಜಲಾಶಯ, ದೇಶದ ಮೂರನೇ ಎರಡು ಭಾಗ ನೆಲವೇ ಜಲಾನಯನ. 2003ರಿಂದ ಚರಂಡಿ ನೀರನ್ನೂ ಶುದ್ಧ ಮಾಡಿ ಮತ್ತೆ ಬಳಸ್ತಾರೆ. ಮಳೆ ವರ್ಷಕ್ಕೆ 2,400 ಮಿಲಿಮೀಟರ್ ಹತ್ತಿರ. ‘ನಮ್ಮ ನಾಲ್ಕರಷ್ಟು ಮಳೆ ಬಿದ್ದೂ ಇವರು ಹೆದರಿದ್ದಾರೆ’ ಅಂದ್ರು ಅಪ್ಪ. ‘ನಾವು ಕಾಲು ಭಾಗ ಬಿದ್ದೂ ಹೆದರ್ಲಿಲ್ಲ. ಆಳಕ್ಕೆ ಕೊರೀತಾ ಹೋದ್ವಿ.’

ಛಾವಣಿ ಮೇಲೆ ಹುಲ್ಲು ಬೆಳೆಸಿದ್ದಾರೆ, ಸಂಜೆ ಜನ ಗಾಳಿಪಟ ಹಾರಿಸ್ತಾರೆ. ಅಲ್ಲಿ ಕೂತು ಅಪ್ಪ ಒಂದೂವರೆ ಗಂಟೆ ಮಾತಾಡಿದರು. ನನ್ನ ಜೊತೆ ಅಷ್ಟು ಹೊತ್ತು ಮಾತಾಡಿದ್ದು ನನಗೆ ನೆನಪಿರೋ ಹಾಗೆ ಅದೇ ಮೊದಲು. ಜಯಮಂಗಲಿ ಹೊಳೆ ಮರಳಲ್ಲಿ ಕೈಯಲ್ಲಿ ತೋಡಿದರೂ ನೀರು ಸಿಗ್ತಿದ್ದ ಕಾಲ. ಕೆರೆ ಕೋಡಿ ಬಿದ್ದ ವರ್ಷ ಊರೆಲ್ಲ ಹೋಗಿ ಬಾಗಿನ ಬಿಟ್ಟಿದ್ದು. ಮೊದಲ ಬೋರ್ ಇನ್ನೂರು ಅಡಿಗೇ ಚಿಮ್ಮಿದ್ದು, ಅದನ್ನ ನೋಡಿ ಪಕ್ಕದ ಹೊಲದವರೂ ಕೊರೆಸಿದ್ದು, ಎರಡೂ ಒಂದೇ ಬೇಸಿಗೆಯಲ್ಲಿ ನಿಂತಿದ್ದು. 2014ರಲ್ಲಿ ಅಡಿಗಲ್ಲು ಹಾಕಿದ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆ ಆಯ್ತಲ್ಲ, ಆ ನೀರು ನಮ್ಮ ಕೆರೆಗೆ ಬಂದರೂ ನಿಲ್ಲೋಕೆ ಕೆರೆಯಲ್ಲಿ ಜಾಗ ಎಲ್ಲಿದೆ, ಬರೀ ಜಾಲಿ ಮತ್ತು ಹೂಳು ಅನ್ನೋದು. ಎರಡನೇ ಬೋರ್ ಧೂಳಾದ ರಾತ್ರಿ ಊಟ ಮಾಡದೆ ಮಲಗಿದ್ದು ಅಮ್ಮನಿಗೂ ಆವತ್ತೇ ಗೊತ್ತಾಯ್ತು. ಅಮ್ಮ ಅದನ್ನ ಹೊಟ್ಟೆನೋವು ಅಂದ್ಕೊಂಡಿದ್ದಳಂತೆ. ಮಗಳು ಯಾರದೋ ಗಾಳಿಪಟದ ಹಿಂದೆ ಓಡ್ತಾ ಇದ್ದಳು. ನಮ್ಮ ಪಟ್ಟಿಯಲ್ಲಿ ಆ ಸಂಜೆಗೆ ಸೆಂಟೋಸಾ ಬೀಚ್ ಇತ್ತು. ಹೋಗಲಿಲ್ಲ.

ಹಾಗಾಗಿ ನೀವು ಪಟ್ಟಿ ಮಾಡುವಾಗ ಇಂಟರ್‌ನೆಟ್ಟಿನ ‘ನೋಡಲೇಬೇಕಾದ ಹತ್ತು ಜಾಗ’ಕ್ಕಿಂತ ಮುಂಚೆ ನಿಮ್ಮ ಮನೆಯವರು ಜೀವಮಾನವೆಲ್ಲ ಏನು ಕೆಲಸ ಮಾಡಿದ್ದಾರೆ ಅಂತ ಯೋಚಿಸಿ. ಮೇಷ್ಟ್ರಾಗಿದ್ದವರಿಗೆ ಒಂದು ದೊಡ್ಡ ಲೈಬ್ರರಿ, ಬಸ್ ಡ್ರೈವರ್ ಆಗಿದ್ದವರಿಗೆ ಆ ಊರಿನ ಎರಡಂತಸ್ತಿನ ಬಸ್ಸಲ್ಲಿ ಮುಂದಿನ ಸೀಟು, ಹೂ ಕಟ್ಟೋ ಅಮ್ಮನಿಗೆ ಹೂವಿನ ಮಾರ್ಕೆಟ್ಟು. ಇವಕ್ಕೆ ಟಿಕೆಟ್ ಇರೋದು ಕಡಿಮೆ, ಇದ್ದರೂ ನಾಲ್ಕು ಕಾಸು.

ಒಟ್ಟು ಎಷ್ಟಾಯ್ತು

ಲೆಕ್ಕ ಕೇಳೋರಿಗಾಗಿ. ವಿಮಾನ 1,15,000. ರೂಮ್‌ಗಳು 68,000. ವೀಸಾ, ವಿಮೆ ಸೇರಿ 19,000. ಊಟ ತಿಂಡಿ 20,500. ಅಲ್ಲಿನ ಓಡಾಟ, ಏರ್‌ಪೋರ್ಟ್ ಟ್ಯಾಕ್ಸಿ ಸೇರಿ 10,500. ಮಿಡಿಗೇಶಿಯಿಂದ ದೇವನಹಳ್ಳಿಗೆ ಕಾರು, ಎರಡೂ ಸಲ ಸೇರಿ 7,000. ಮೃಗಾಲಯ 5,500. ಎರಡು ಹೊಸ ಪಾಸ್‌ಪೋರ್ಟ್ 2,700. ಫೋನ್ ಸಿಮ್ 1,800. ಖರೀದಿ, ಅಮ್ಮನ ಕವರ್ ಅಪ್ಪನ ಕವರ್ ಸೇರಿ, 12,000. ಒಟ್ಟು 2,62,000. ಪ್ಯಾಕೇಜಲ್ಲಿ ಹೋಗಿದ್ದರೆ ಟಿಸಿಎಸ್ ಅಂತ ಒಂದಿಷ್ಟು ಮೊದಲೇ ಹಿಡೀತಿದ್ದರು. ಐಟಿ ರಿಟರ್ನ್ಸಲ್ಲಿ ಅದನ್ನ ವಾಪಸ್ ಪಡೀಬಹುದು ನಿಜ, ಆದರೆ ಅಲ್ಲಿವರೆಗೆ ಕೈಯಿಂದ ಹೋಗಿರುತ್ತಲ್ಲ.

ಆರ್‌ಡಿಯಲ್ಲಿ ಹದಿನೆಂಟು ಸಾವಿರ ಉಳೀತು. ಅಪ್ಪನಿಗೆ ಕೊಡೋಕೆ ಹೋದೆ, ಬೇಡ ಅಂದ್ರು. ‘ನಿಮ್ಮತ್ತೆನೂ ಎಲ್ಲಿಗಾದ್ರೂ ಕರ್ಕಂಡು ಹೋಗು, ಅದಕ್ಕೆ ಹಾಕು’ ಅಂದರು. ಹೊಸ ಆರ್‌ಡಿ ಶುರುವಾಗಿದೆ. ಅತ್ತೆ ಶಿರಾದವರು, ನಲವತ್ತು ವರ್ಷ ಮನೆಯಲ್ಲೇ ಹೊಲಿಗೆ ಮೆಷಿನ್ ತುಳಿದವರು. ಯಾವ ಊರು ಅಂತ ಇನ್ನೂ ಗೊತ್ತಾಗಿಲ್ಲ, ಬಟ್ಟೆ ಮಾರ್ಕೆಟ್ಟು ಇರೋ ಊರುಗಳನ್ನ ನೋಡ್ತಾ ಇದ್ದೀವಿ.